ಮೂರು ದಾರದ ಅಳತೆ

ದಾನ ಕೊಟ್ಟವರಿಗೆ ಥ್ಯಾಂಕ್ಸ್ ಬರೆಯೋದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯುವವರು ಒಂದು ದಿನ ಆ ಕುರ್ಚಿಯಲ್ಲಿ ಕೂತು ನೋಡಬೇಕು. ಇಪ್ಪತ್ತೊಂದು ವರ್ಷ ಅದರಲ್ಲಿ ಕೂತವಳನ್ನು ಇಡೀ ಸಂಸ್ಥೆ ಕರೆಯುತ್ತಿದ್ದದ್ದು ಥ್ಯಾಂಕ್ಸ್ ಅಕ್ಕ ಎಂದು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಮನೆಯಲ್ಲಿ ಅತ್ತೆ ಕೂಡ, "ಊರವರಿಗೆಲ್ಲ ಥ್ಯಾಂಕ್ಸ್ ಬರೀತೀಯಲ್ಲೇ, ನಿನ್ನ ಬಟ್ಟೆ ಮಡಿಸಿಟ್ಟೋಳಿಗೂ ಒಂದು ಚೀಟಿ ಬರಿ," ಎಂದು ಕಾಲೆಳೆಯುತ್ತಿದ್ದರು. ಅವಳು ಒಂದು ಸಲ ನಿಜವಾಗಿಯೂ ಬರೆದು ದಿಂಬಿನ ಕೆಳಗೆ ಇಟ್ಟಳು. ಅತ್ತೆ ಅದನ್ನು ಈಗಲೂ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.

ಸಂಸ್ಥೆ ಅಂದರೆ ದೊಡ್ಡಾಸ್ಪತ್ರೆಯ ಎದುರಿಗೆ ರಸ್ತೆ ದಾಟಿದರೆ ಸಿಗುವ ಎರಡಂತಸ್ತಿನ ಹಳೇ ಕಟ್ಟಡ. ದೂರದಿಂದ ಚಿಕಿತ್ಸೆಗೆ ಬಂದ ಮಕ್ಕಳು ತಮ್ಮ ಅಮ್ಮಂದಿರ ಜೊತೆ ತಿಂಗಳುಗಟ್ಟಲೆ ಅಲ್ಲಿ ಇರಬಹುದು. ಯಾರೂ ಒಂದು ಬಿಡಿಗಾಸನ್ನೂ ಕೇಳುವುದಿಲ್ಲ. ಕೆಳಗೆ ಅಡುಗೆಮನೆ ಮತ್ತು ಊಟದ ಹಾಲು, ಮೇಲೆ ಹನ್ನೆರಡು ಕೋಣೆ. ಮೆಟ್ಟಿಲಿನ ಕೆಳಗಿನ ಮೂಲೆ ಥ್ಯಾಂಕ್ಸ್ ಅಕ್ಕನದು. ಅಲ್ಲಿ ಒಂದು ಮೇಜು, ಒಂದು ಕಬ್ಬಿಣದ ಡ್ರಾಯರು, ಗಡಿಬಿಡಿಯಲ್ಲಿ ಎದ್ದರೆ ತಲೆಗೆ ಬಡಿಯುವ ಮೆಟ್ಟಿಲು.

ಆ ಮನೆಗೊಂದು ಪದ್ಧತಿ ಇತ್ತು: ಒಬ್ಬ ದಾನಿಗೆ ಒಂದು ಮಗು. ಯಾರು ವರ್ಷಾವರ್ಷ ಏನಾದರೂ ಕೊಡುತ್ತೇನೆ ಎನ್ನುತ್ತಾರೋ ಅವರ ಹೆಸರಿಗೆ ಒಂದು ಮಗುವನ್ನು ಸೇರಿಸುವುದು. ವರ್ಷಕ್ಕೊಮ್ಮೆ ಆ ಮಗು ಬಿಡಿಸಿದ ಚಿತ್ರ, ಜೊತೆಗೆ ಮಗುವೇ ಹೇಳಿದ ಹಾಗೆ ಒಂದು ಕಾಗದ. ಕಾಗದ ಬರೆಯುವ ಕೈ ಥ್ಯಾಂಕ್ಸ್ ಅಕ್ಕನದು. "ಕೊಟ್ಟೋರಿಗೆ ಮಗು ಮುಖ ನೆನಪಿರಬೇಕು ಕಣಮ್ಮ. ಆಗ ಕೈ ತಾನಾಗೇ ಮುಂದೆ ಬರುತ್ತೆ," ಎನ್ನುತ್ತಿದ್ದರು ಮ್ಯಾನೇಜರು. ಆ ಮನುಷ್ಯ ಕೆಟ್ಟವರಲ್ಲ. ಅಡುಗೆಮನೆಯಲ್ಲಿ ಗ್ಯಾಸು ಮುಗಿದ ದಿನ ತಮ್ಮ ಮನೆಯ ಸಿಲಿಂಡರನ್ನೇ ಹೊತ್ತು ತಂದವರು. ಅದಕ್ಕೇ ಅವರ ಮಾತಿಗೆ ಅವಳು ಎದುರಾಡಿದ್ದು ಕಡಿಮೆ, ಎದುರಾಡಬೇಕಾದ ಕಡೆಯೂ.

ಏಳು ವರ್ಷದ ಹಿಂದೆ ಒಂದು ಕಾಗದ ಬಂತು. ಬರೆದವರು ಬೇರೆ ಊರಿನ ಟೈಲರು. ಬಸ್ಸಿನ ಸೀಟಿನಲ್ಲಿ ಯಾರೋ ಬಿಟ್ಟು ಹೋದ ಸಂಸ್ಥೆಯ ಕರಪತ್ರ ಓದಿದ್ದರಂತೆ. "ನನ್ನ ಹತ್ತಿರ ದುಡ್ಡಿಲ್ಲ, ಕೈ ಇದೆ. ಮೂರು ಮಕ್ಕಳೂ ಗಂಡು, ಮೊಮ್ಮಕ್ಕಳೂ ಗಂಡು. ಚಡ್ಡಿ ಹೊಲಿದೂ ಹೊಲಿದೂ ಸಾಕಾಗಿದೆ. ನನಗೊಂದು ಹೆಣ್ಣುಮಗು ಕೊಡಿ, ವರ್ಷಕ್ಕೊಂದು ಫ್ರಾಕು ಹೊಲಿದು ಕಳಿಸ್ತೀನಿ. ಅಳತೆಯನ್ನು ಅಂಕಿಯಲ್ಲಿ ಬರೀಬೇಡಿ, ಒಬ್ಬೊಬ್ಬರ ಟೇಪು ಒಂದೊಂದು ಥರ. ದಾರದಲ್ಲಿ ಅಳೆದು, ದಾರವನ್ನೇ ಕತ್ತರಿಸಿ ಕಳಿಸಿ. ಎದೆ ಸುತ್ತಿಗೆ ಒಂದು ಗಂಟು, ಭುಜಕ್ಕೆ ಎರಡು, ಉದ್ದಕ್ಕೆ ಮೂರು."

ಓದಿ ಅವಳು ನಕ್ಕುಬಿಟ್ಟಳು. ಆಗ ಮೇಲಿನ ನಾಲ್ಕನೇ ಕೋಣೆಯಲ್ಲಿ ಆರು ವರ್ಷದ ಒಂದು ಹುಡುಗಿ ಇತ್ತು, ಎಲ್ಲರೂ ಕೋಳಿಪುಟ್ಟಿ ಎನ್ನುತ್ತಿದ್ದರು. ಕಾಲಿನ ಮೂಳೆಯ ಕಾಯಿಲೆ. ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ದಿನವಿಡೀ ಕೋಳಿ ಬಿಡಿಸೋದು, ಪ್ರತಿ ಕೋಳಿಗೂ ಐದು ಕಾಲು. "ಐದ್ಯಾಕೆ ಪುಟ್ಟಿ?" ಎಂದರೆ, "ಒಂದು ನೋವು ಬಂದ್ರೆ ಇರ್ಲಿ ಅಂತ," ಎನ್ನುತ್ತಿತ್ತು. ಥ್ಯಾಂಕ್ಸ್ ಅಕ್ಕ ಬಿಳಿ ದಾರದ ಉಂಡೆ ಹಿಡಿದು ಮೇಲೆ ಹೋದಳು. ಎದೆ ಸುತ್ತ ದಾರ ತಂದಾಗ ಹುಡುಗಿಗೆ ಕಚಗುಳಿ. ನಕ್ಕು ನಕ್ಕು ಅಳತೆ ಎರಡು ಸಲ ತಪ್ಪಿತು. ಮೂರು ದಾರ, ಆರು ಗಂಟು, ಜೊತೆಗೊಂದು ಕಾಗದ, ಕವರಿನಲ್ಲಿ ಹಾಕಿ ಕಳಿಸಿದಳು.

ಫ್ರಾಕು ಬರುವುದಕ್ಕೆ ಒಂಬತ್ತು ದಿನ ಮೊದಲು ಕೋಳಿಪುಟ್ಟಿ ತೀರಿಹೋಯಿತು. ಬೆಳಿಗ್ಗೆ ಜ್ವರ ಅಂತ ರಸ್ತೆ ದಾಟಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಬರಿಗೈಯಲ್ಲಿ ಬಂದರು. ಅದರ ಅಮ್ಮ ಕೋಣೆ ಖಾಲಿ ಮಾಡುವಾಗ ಕೋಳಿಗಳ ಫೈಲನ್ನು ಅಲ್ಲೇ ಬಿಟ್ಟು ಹೋದಳು, ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ. ಆಮೇಲೆ ಪಾರ್ಸೆಲ್ಲು ಬಿಚ್ಚಿದರೆ ಹಳದಿ ಫ್ರಾಕು, ಎದೆ ಮೇಲೆ ದಾರದಲ್ಲಿ ಹೆಣೆದ ಸಣ್ಣ ಹೂವು. ಥ್ಯಾಂಕ್ಸ್ ಅಕ್ಕ ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ, "ಮಗು ಹೋಯ್ತು ಅಂತ ಬರೀತೀನಿ," ಎಂದಳು.

"ಮೊದಲನೇ ಸಲ ಕೊಟ್ಟಿದಾನೆ ಪಾಪ, ಅದಕ್ಕೆ ಉತ್ತರವಾಗಿ ಸಾವಿನ ಸುದ್ದೀನಾ?" ಎಂದರು ಮ್ಯಾನೇಜರು. "ಎದೆ ಒಡ್ಕೋತಾನೆ. ಈ ಒಂದು ಸಲ ಫ್ರಾಕು ಮಗುಗೆ ಸರಿಹೋಯ್ತು ಅಂತ ಬರಿ. ನಿಧಾನಕ್ಕೆ ಹೇಳೋಣ."

ಅವಳಿಗೂ ಆ ಕ್ಷಣಕ್ಕೆ ಅದು ಕರುಣೆಯೆಂದೇ ಅನ್ನಿಸಿತು. ಬರೆದಳು. ಫೈಲಿನಿಂದ ಒಂದು ಕೋಳಿ ತೆಗೆದು ಜೊತೆಗಿಟ್ಟಳು. ಫ್ರಾಕನ್ನು ಎರಡನೇ ಕೋಣೆಯ ಹುಡುಗಿಗೆ ಹಾಕಿದರು. ಆ "ನಿಧಾನಕ್ಕೆ" ಅನ್ನೋದು ಮಾತ್ರ ಇವತ್ತಿಗೂ ಬರಲಿಲ್ಲ ನೋಡಿ. ಮಾರನೇ ವರ್ಷ ಇನ್ನೊಂದು ಫ್ರಾಕು, ಎರಡು ಇಂಚು ಉದ್ದ. ಟೈಲರು ಅಂಗಡಿಗೆ ಬಂದವರಿಗೆಲ್ಲ ಕಾಗದ ತೋರಿಸಿದ್ದರಿಂದ ಆ ಬೀದಿಯ ಬಟ್ಟೆ ವ್ಯಾಪಾರಿಗಳೂ ಹೊದಿಕೆ, ಹಾಸಿಗೆ ಬಟ್ಟೆ ಕಳಿಸತೊಡಗಿದರು. ಈಗ ಹೇಳೋದು ಹೇಗೆ? ಮಗು ವರ್ಷಕ್ಕೊಮ್ಮೆ ಇದೇ ತಿಂಗಳು ಚೆಕಪ್ಪಿಗೆ ಬರುತ್ತೆ ಎಂದು ಬರೆದಳು. ವಯಸ್ಸು ಏಳು ಮಾಡಿದಳು, ಎಂಟು ಮಾಡಿದಳು. ಮಗುವನ್ನು ಶಾಲೆಗೆ ಸೇರಿಸಿದಳು, ಲೆಕ್ಕದಲ್ಲಿ ಸ್ವಲ್ಪ ದಡ್ಡಿ ಮಾಡಿದಳು. ಒಂದು ಸುಳ್ಳು ಮುಚ್ಚೋಕೆ ಹತ್ತು ಸುಳ್ಳು ಅನ್ನೋದು ಗಾದೆಗೆ ಸರಿ. ಆದರೆ ಸತ್ತ ಕೂಸನ್ನು ವರ್ಷವರ್ಷ ಬೆಳೆಸುವ ಕೈಗೆ ಏನನ್ನಬೇಕು? ಅವಳು ಏನೂ ಅಂದುಕೊಳ್ಳಲಿಲ್ಲ. ಅಂದುಕೊಂಡರೆ ಕೈ ನಡೆಯುತ್ತಿರಲಿಲ್ಲ.

ಮುಂದೆ ಅದೇ ಒಂದು ನಿಯಮವಾಯಿತು. ಮಗು ಹೋದರೂ ದಾನಿ ಹೋಗಬಾರದು, ಇದು ಮ್ಯಾನೇಜರ ಮಾತು. ಗುಣವಾಗಿ ಮನೆಗೆ ಹೋದ ಮಕ್ಕಳು, ಗುಣವಾಗದೆ ಹೋದ ಮಕ್ಕಳು, ಎಲ್ಲರ ಚಿತ್ರದ ಫೈಲೂ ಆ ಕಬ್ಬಿಣದ ಡ್ರಾಯರಿನಲ್ಲಿ ಸೇರಿ, ಮಕ್ಕಳು ಅಲ್ಲೇ ದೊಡ್ಡವರಾಗುತ್ತಿದ್ದರು.

ಈ ವರ್ಷ ಮ್ಯಾನೇಜರಿಗೆ ಒಂದು ಉತ್ಸಾಹ ಹುಟ್ಟಿತು. ಸುತ್ತಮುತ್ತಲಿನ ಸಂಘಸಂಸ್ಥೆಗಳಿಂದ ಮೂವತ್ತೈದು ಜನರನ್ನು ಕರೆಸಿ ಊಟದ ಹಾಲಿನಲ್ಲಿ ಒಂದು ದಿನದ ತರಬೇತಿ. ಜನರಲ್ಲಿ ಕೊಡುವ ಮನಸ್ಸು ಬೆಳೆಸುವುದು ಹೇಗೆ, ಕೊಟ್ಟವರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ, ಇದು ವಿಷಯ. ಮುಖ್ಯ ಪಾಠ ಥ್ಯಾಂಕ್ಸ್ ಅಕ್ಕನ ಕಾಗದಗಳದ್ದೇ. ಅವಳು ಅತ್ತೆಯ ಒತ್ತಾಯಕ್ಕೆ ಒಳ್ಳೆ ಸೀರೆ ಉಟ್ಟು ಬಂದಿದ್ದಳು. ವೇದಿಕೆ ಅಂದರೆ ಊಟದ ಎರಡು ಮೇಜು ಜೋಡಿಸಿದ್ದು. ಅದರ ಪಕ್ಕದ ಕುರ್ಚಿಯಲ್ಲಿ ಕೂತು ಬೆವರುತ್ತಿದ್ದಳು.

ಮ್ಯಾನೇಜರು ಒಂದು ಕಾಗದದ ನಕಲು ಎತ್ತಿಕೊಂಡರು. "ನಮ್ಮ ಅಕ್ಕ ಹೋದ ವರ್ಷ ಒಬ್ಬ ಟೈಲರಿಗೆ ಬರೆದದ್ದು. ಬಡವ, ಆದ್ರೆ ಏಳು ವರ್ಷದಿಂದ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ, ಕೇಳಿ," ಎಂದು ಓದಿದರು. "ಟೈಲರ್ ತಾತಾ, ಹಸಿರು ಫ್ರಾಕು ಅಳತೆ ತಗೊಂಡು ಹೊಲಿದ ಹಾಗೇ ಇದೆ. ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ. ನಾನೀಗ ಏಳನೇ ಕ್ಲಾಸು. ಕೋಳಿ ಚಿತ್ರ ಕಳಿಸಿದೀನಿ."

ಹಾಲಿನಲ್ಲಿ ಕೆಲವರು ಬರೆದುಕೊಂಡರು. ಕೊನೇ ಸಾಲಿನಲ್ಲಿ ಒಬ್ಬ ಮುದುಕರು ಕೈ ಎತ್ತಿದರು. ಕೊರಳಲ್ಲಿ ತರಬೇತಿಯ ಬ್ಯಾಡ್ಜು, ತೊಡೆಯ ಮೇಲೆ ಎಲ್ಲರಿಗೂ ಕೊಟ್ಟ ಫೈಲು, ಅದರ ಮೇಲೆ ಒಂದು ಬಟ್ಟೆಯ ಚೀಲ.

"ಗೇಟಿನವರು ಇದನ್ನ ಹಾಕಿ ಕೂರಿಸಿಬಿಟ್ರು, ಬೇಡ ಅಂದ್ರೂ ಕೇಳ್ಲಿಲ್ಲ," ಎಂದರು, ಬ್ಯಾಡ್ಜನ್ನು ಬೆರಳಲ್ಲಿ ಎತ್ತಿ ತೋರಿಸಿ. "ಟಿಫನ್ನೂ ಕೊಟ್ರು. ನಾನು ತರಬೇತಿಗೆ ಬಂದೋನಲ್ಲ. ಆ ಟೈಲರು ನಾನೇ."

ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಥ್ಯಾಂಕ್ಸ್ ಅಕ್ಕ ಆ ಮುಖವನ್ನೇ ನೋಡಿದಳು. ಏಳು ವರ್ಷ ಅವರಿಗೆ ಬರೆದವಳು, ಅವರಿಗೊಂದು ಮುಖ ಇರಬಹುದು ಅಂತಲೇ ಯೋಚಿಸಿರಲಿಲ್ಲ.

"ಪ್ರತಿ ವರ್ಷ ಈ ತಿಂಗಳೇ ಚೆಕಪ್ಪಿಗೆ ಬರ್ತಾಳೆ ಅಂತ ಬರೀತಿದ್ರಲ್ಲ, ಅದಕ್ಕೇ ಬಂದೆ. ಈ ಸಲದ್ದು ನಾನೇ ಹಾಕಿ ನೋಡ್ಬೇಕು," ಎಂದರು ಟೈಲರು. "ಎಲ್ಲಿದಾಳೆ ಹುಡುಗಿ?"

ಮ್ಯಾನೇಜರು ಒಂದು ಗುಟುಕು ನೀರು ಕುಡಿದರು. ಅಷ್ಟೇ ಹೊತ್ತು ಬೇಕಾಯಿತು ಅವರಿಗೆ. "ಅಯ್ಯೋ ಯಜಮಾನ್ರೇ, ಒಂದು ವಾರ ಮೊದಲು ಬರ್ಬಾರ್ದಿತ್ತಾ? ಹೋದ ವಾರ ತಾನೆ ಬಂದು ಹೋದ್ಲು. ಪರೀಕ್ಷೆ ಇದೆ ಅಂತ ಒಂದು ದಿನಾನೂ ನಿಲ್ಲಲಿಲ್ಲ."

"ಹೌದಾ," ಎಂದು ಟೈಲರು ತೊಡೆಯ ಮೇಲಿನ ಚೀಲವನ್ನು ಒಮ್ಮೆ ನೋಡಿಕೊಂಡರು. ಆಮೇಲೆ, "ಹೋಗ್ಲಿ ಬಿಡಿ. ನೀವು ನೋಡಿದೀರಲ್ಲ. ಎಷ್ಟು ಎತ್ತರ ಬಂದಿದಾಳೆ, ಕೈಯಲ್ಲಿ ತೋರಿಸಿ ಸಾಕು. ನಾನು ಅಂದಾಜು ಮಾಡ್ಕೋತೀನಿ," ಎಂದರು.

ಮ್ಯಾನೇಜರ ಕೈ ಎದ್ದಿತು. ಅಂಗೈ ಕೆಳಗೆ ಮಾಡಿ ಮೊದಲು ಎದೆಯ ಹತ್ತಿರ ತಂದರು, ಸ್ವಲ್ಪ ಯೋಚಿಸಿ ಭುಜದವರೆಗೆ ಏರಿಸಿದರು. "ಇಷ್ಟು. ಇಷ್ಟಿರ್ಬೇಕು ನೋಡಿ."

ಆ ಕೈ ಅಲ್ಲೇ ನಿಂತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಟೈಲರು ಕಣ್ಣು ಕಿರಿದು ಮಾಡಿ ಆ ಕೈಯಿಂದ ನೆಲದವರೆಗೂ ಅಳೆಯುತ್ತಿದ್ದರು, ಬಾಯಲ್ಲಿ ಇಂಚು ಎಣಿಸುತ್ತಿದ್ದರು. ಥ್ಯಾಂಕ್ಸ್ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಏಳು ವರ್ಷ ಪೆನ್ನಿನಲ್ಲಿ ಅವಳು ಮಾಡಿದ್ದೂ ಅದನ್ನೇ, ಆದರೆ ಪೆನ್ನಿಗೆ ಕಾಣದ್ದು ಆ ಕೈಯಲ್ಲಿ ಕಂಡುಬಿಟ್ಟಿತು. ಅವಳು ಎದ್ದಳು.

"ಕೈ ಇಳಿಸಿ ಸರ್," ಎಂದಳು. ಆಮೇಲೆ ಟೈಲರ ಕಡೆ ತಿರುಗಿ, "ಅವಳು ಬೆಳೆದಿಲ್ಲ ಅಣ್ಣಾ. ನಾನು ದಾರ ಕಳಿಸಿದ ತಿಂಗಳೇ ಹೋಗ್ಬಿಟ್ಲು. ನಿಮ್ಮ ಹಳದಿ ಫ್ರಾಕೂ ಅವಳು ನೋಡ್ಲಿಲ್ಲ. ಕಾಗದ ಎಲ್ಲಾ ನಾನೇ ಬರೆದದ್ದು," ಎಂದಳು.

ಬರೆದುಕೊಳ್ಳುತ್ತಿದ್ದವರ ಪೆನ್ನು ನಿಂತಿತು. ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿ ಸುಮ್ಮನಾಯಿತು. ಮ್ಯಾನೇಜರ ಕೈ ಇನ್ನೂ ಅರ್ಧ ಇಳಿದು ಅರ್ಧ ನಿಂತಿತ್ತು, ಇಳಿಸುವುದನ್ನೇ ಮರೆತಿದ್ದರು. ಟೈಲರು ನಿಧಾನವಾಗಿ ಬ್ಯಾಡ್ಜು ತೆಗೆದು ಕುರ್ಚಿಯ ಮೇಲಿಟ್ಟು, ಚೀಲ ಎತ್ತಿಕೊಂಡು ಹೊರಗೆ ನಡೆದರು.

ಅವಳು ಹಿಂದೆ ಓಡಿದಳು. ಗೇಟು ದಾಟುವ ಮೊದಲೇ ಸಿಕ್ಕರು. ದಾರಿಗೆ ಅಡ್ಡವಾಗಿ ಎದುರಿಗೆ ನಿಂತಳು. ಅವರೇ, "ಕೂರೋಕೆ ಜಾಗ ಇದೆಯಾ?" ಎಂದರು. ಮೆಟ್ಟಿಲಿನ ಕೆಳಗೆ ತನ್ನ ಕುರ್ಚಿಯಲ್ಲೇ ಕೂರಿಸಿದಳು. ನೀರು ಕೊಟ್ಟಳು. ಅವರು ಜೇಬಿನಿಂದ ಒಂದು ಹಳೇ ಕವರು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಮೂರು ದಾರ. ಒಂದು ಗಂಟಿನದು, ಎರಡು ಗಂಟಿನದು, ಮೂರು ಗಂಟಿನದು. ಮುಟ್ಟಿ ಮುಟ್ಟಿ ಕಂದಾಗಿದ್ದವು.

"ಇದರ ಮೇಲೆ ವರ್ಷವರ್ಷ ಒಂದೂವರೆ, ಎರಡು ಇಂಚು ಅಂತ ಸೇರಿಸ್ಕೊಂಡು ಬಂದೆ," ಎಂದರು. "ನನಗೆ ಮೂರನೇ ವರ್ಷವೇ ಅನುಮಾನ ಬಂತಮ್ಮ. ಮಗುನ ನೋಡದೆ ಹೊಲಿದ ಬಟ್ಟೆ ಪ್ರತಿ ಸಲ ಸರಿಹೋಗೋಕೆ ಸಾಧ್ಯವೇ ಇಲ್ಲ. ಎದುರಿಗೆ ನಿಲ್ಲಿಸಿ ಅಳತೆ ತಗೊಂಡೋರದ್ದೇ ನಾಲ್ಕರಲ್ಲಿ ಒಂದು ವಾಪಸ್ ಬರುತ್ತೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತ ನೀವು ಹೇಳ್ತಿಲ್ಲ ಅಂದ್ಕೊಂಡೆ. ಮಗು ಬಿಗಿ ಬಟ್ಟೆ ಹಾಕ್ಕೊಂಡು ಸುಮ್ಮನಿದೆ ಅಂದ್ಕೊಂಡೆ. ಅದಕ್ಕೇ ಒಳಗೆ ಮೂರು ಮೂರು ಇಂಚು ಬಟ್ಟೆ ಬಿಡ್ತಿದ್ದೆ, ಬಿಚ್ಚಿ ಹೊಲ್ಕೊಳ್ಳಲಿ ಅಂತ. ಆಮೇಲೆ ಆ ಕೋಳಿ. ಹನ್ನೆರಡು ವರ್ಷದ ಹುಡುಗೀನೂ ಐದು ಕಾಲೇ ಬಿಡಿಸ್ತಾಳಲ್ಲ, ಬುದ್ಧಿ ಬೆಳೀತಿಲ್ವೇನೋ ಅಂತ ನನ್ನ ಹೆಂಡ್ತಿ ಅತ್ತಳು. ಏನೆಲ್ಲಾ ಅಂದ್ಕೊಂಡ್ವಿ. ಇದೊಂದು ಹೊಳೀಲಿಲ್ಲ."

"ಬೈದುಬಿಡಿ ಅಣ್ಣಾ," ಎಂದಳು ಅವಳು.

"ಬೈಯೋದಲ್ಲ. ನೀವು ಅವತ್ತೇ ಬರೆದಿದ್ರೆ ಅಳ್ತಿದ್ದೆ. ಅತ್ತು, ಇನ್ನೊಂದು ಮಗುವಿನ ದಾರ ಕಳಿಸಿ ಅಂತಿದ್ದೆ. ನಾನು ಅಷ್ಟಕ್ಕೆಲ್ಲ ಓಡಿಹೋಗೋನು ಅಂತ ನೀವೇ ತೀರ್ಮಾನ ಮಾಡಿಬಿಟ್ರಿ." ಮೂರೂ ದಾರವನ್ನು ಮತ್ತೆ ಕವರಿಗೆ ಹಾಕಿದರು. "ಫ್ರಾಕು ಹಾಕ್ಕೊಂಡೋರು ಯಾರು ಅಂತ ಈಗ ಹೇಳ್ಬೇಡಿ. ಇವತ್ತು ನನಗೆ ಆಗಲ್ಲ."

ಅವಳು ಡ್ರಾಯರು ಎಳೆದು ಕೋಳಿಪುಟ್ಟಿಯ ಫೈಲು ತೆಗೆದಳು. ಒಂದೇ ಒಂದು ಕೋಳಿ ಉಳಿದಿತ್ತು, ಮುಂದಿನ ತಿಂಗಳ ಕಾಗದಕ್ಕೆ ಇಟ್ಟದ್ದು. ಕೊಟ್ಟಳು. ಅವರು ಅದನ್ನು ಎರಡು ಮಡಿಕೆ ಮಾಡಿ ದಾರದ ಕವರಿನೊಳಗೆ ಇಟ್ಟುಕೊಂಡರು. ಹದಿಮೂರು ವರ್ಷದವಳಿಗೆಂದು ಹೊಲಿದ ನೀಲಿ ಫ್ರಾಕನ್ನು ಚೀಲದಲ್ಲೇ ವಾಪಸ್ ತೆಗೆದುಕೊಂಡು ಹೋದರು.

ಆ ಡ್ರಾಯರು ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಒಂದೊಂದೇ ಫೈಲು ತೆಗೆದು ಮೇಜಿನ ಮೇಲಿಟ್ಟಳು. ಹತ್ತೊಂಬತ್ತು. ಕೋಳಿಪುಟ್ಟಿಯೊಂದನ್ನು ಬಿಟ್ಟು ಹತ್ತೊಂಬತ್ತು ಮಕ್ಕಳು, ಈಗ ಈ ಮನೆಯಲ್ಲಿಲ್ಲದವರು, ಅವಳ ಕೈಬರಹದಲ್ಲಿ ಮಾತ್ರ ವರ್ಷಕ್ಕೊಂದು ಕ್ಲಾಸು ಪಾಸಾಗುತ್ತಿದ್ದರು. ಇಷ್ಟೊಂದು ಅಂತ ಅವಳಿಗೇ ಗೊತ್ತಿರಲಿಲ್ಲ. ಎಣಿಸಿದ ಮೇಲೆ ನೆಲದ ಮೇಲೆ ಕೂತುಬಿಟ್ಟಳು.

ಆಗ ತರಬೇತಿಗೆ ಬಂದಿದ್ದ ಒಬ್ಬ ಹೆಂಗಸು ಮೆಟ್ಟಿಲ ಹತ್ತಿರ ಬಂದು ನಿಂತಳು. ಬೇರೊಂದು ಸಂಸ್ಥೆಯವಳು, ಇವಳಿಗಿಂತ ಚಿಕ್ಕವಳು. ಏನೋ ಸಮಾಧಾನ ಹೇಳುತ್ತಾಳೆ ಎಂದುಕೊಂಡರೆ, ಬಗ್ಗಿ ಕಿವಿಯ ಹತ್ತಿರ, "ಅಕ್ಕಾ, ನಮ್ಮಲ್ಲಿ ಮೂವತ್ತೆರಡು ಇವೆ," ಎಂದಳು. ಹೇಳಿ ಊಟಕ್ಕೂ ನಿಲ್ಲದೆ ಹೊರಟುಹೋದಳು.

ಸಂಜೆ ಮ್ಯಾನೇಜರು ಬಂದರು. ಬೈಯಲಿಲ್ಲ, ಅದೇ ಕಷ್ಟವಾಯಿತು. "ಕೊಂಬೆ ಮೇಲೆ ಕೂತು ಬುಡ ಕಡಿದೆಯಲ್ಲಮ್ಮ. ಹನ್ನೆರಡು ಕೋಣೇಲಿ ಹನ್ನೆರಡು ಅಮ್ಮಂದಿರು ಇದಾರೆ. ನಾಳೆ ಅವರಿಗೆ ಏನು ಹೇಳ್ಲಿ?"

"ನನಗೆ ಗೊತ್ತಿಲ್ಲ ಸರ್. ನಾಳೆ ನಾನು ಈ ಹತ್ತೊಂಬತ್ತು ಜನಕ್ಕೆ ನಿಜ ಬರೀತೀನಿ. ಬೇಡ ಅಂದ್ರೆ ಕೆಲಸ ಬಿಡ್ತೀನಿ, ಆದ್ರೂ ಬರೀತೀನಿ. ವಿಳಾಸ ಎಲ್ಲಾ ನನಗೆ ಬಾಯಿಪಾಠ."

ಅವರು ಆ ಫೈಲುಗಳ ರಾಶಿಯ ಹತ್ತಿರ ಬಂದರು. ಮೇಲಿನ ಫೈಲು ತೆರೆದು, ಒಂದು ದೋಣಿಯ ಚಿತ್ರ ಕಂಡು, "ಇವನೂ ಹೋದ್ನಾ?" ಎಂದು ಕೇಳಿದರು. ಅವಳು ಹೂಂ ಎಂದಳು. ಅವರು ಫೈಲು ಮುಚ್ಚಿ, ಬರಿ ಅಂತಲೂ ಹೇಳದೆ ಬೇಡ ಅಂತಲೂ ಹೇಳದೆ ಮನೆಗೆ ಹೋದರು.

ಬರೆದಳು. ಹತ್ತೊಂಬತ್ತು ಕಾಗದಕ್ಕೆ ಹದಿನಾರು ದಿನ ಹಿಡಿಯಿತು. ಉತ್ತರ ಬಂದದ್ದೂ ಸಿಹಿಯೇನಲ್ಲ. ಎಂಟು ಜನ ಮತ್ತೆ ತಿರುಗಿ ನೋಡಲಿಲ್ಲ. ಒಬ್ಬರು ಅವಳು ಹಿಂದೆ ಬರೆದ ಕಾಗದಗಳನ್ನೆಲ್ಲ ಹರಿದು ಅದೇ ಕವರಿನಲ್ಲಿ ತುಂಬಿ ಕಳಿಸಿದರು. ಕೆಲವರು ಬಿಡಲಿಲ್ಲ, ಯಾಕೆಂದು ಅವರೂ ಹೇಳಲಿಲ್ಲ. ಎರಡು ಕೋಣೆ ನಾಲ್ಕು ತಿಂಗಳು ಮುಚ್ಚಬೇಕಾಯಿತು. ಆ ಎರಡು ಬಾಗಿಲನ್ನು ದಾಟುವಾಗೆಲ್ಲ ಅವಳು ಬೀಗವನ್ನು ಒಮ್ಮೆ ಮುಟ್ಟಿ ನೋಡಿ ಹೋಗುತ್ತಿದ್ದಳು. ಅತ್ತೆ ಮಾತ್ರ, "ಕೊಟ್ಟೋರಿಗೆ ಥ್ಯಾಂಕ್ಸ್ ಹೇಳೋಕೆ ಮೊದಲು ನಿಜ ಹೇಳ್ಬೇಕು ಕಣೆ, ಅದನ್ನ ಯಾರೂ ಕಲಿಸ್ಲಿಲ್ವಾ ನಿಂಗೆ?" ಎಂದು ಬಟ್ಟೆ ಮಡಿಸುತ್ತಾ ಕೇಳಿದರು.

ಟೈಲರಿಂದ ಐದು ತಿಂಗಳು ಸುದ್ದಿಯೇ ಇಲ್ಲ. ಆರನೇ ತಿಂಗಳು ಒಂದು ಕವರು ಬಂತು. ಕಾಗದ ಇರಲಿಲ್ಲ, ಬಿಳಿ ದಾರದ ಒಂದು ಸಣ್ಣ ಉಂಡೆ ಮಾತ್ರ ಇತ್ತು.

ಅವಳು ಮೇಲೆ ಹೋದಳು. ನಾಲ್ಕನೇ ಕೋಣೆಯಲ್ಲಿ ಈಗ ಎಂಟು ವರ್ಷದ ಒಂದು ತಂಟೆಕೋರಿ ಇದ್ದಾಳೆ, ನಿಲ್ಲು ಅಂದರೆ ಓಡುವವಳು. ಎದೆಗೆ, ಭುಜಕ್ಕೆ, ಉದ್ದಕ್ಕೆ ಹಿಡಿದು ಅಳೆದು ಗಂಟು ಹಾಕಿದಳು. "ಮಗು ಓಡಾಡುತ್ತಿತ್ತು, ಭುಜದ ದಾರದ ಮೇಲೆ ನನಗೆ ನಂಬಿಕೆ ಇಲ್ಲ," ಎಂದು ದಾರದ ಕವರಿನ ಮೇಲೇ ಒಂದು ಸಾಲು ಗೀಚಿ ಕಳಿಸಿದಳು. ತಿಂಗಳಿಗೆ ಫ್ರಾಕು ಬಂತು, ಕೆಂಪು ಚೌಕಳಿಯದು. ಹಾಕಿ ನಿಲ್ಲಿಸಿ ಸುತ್ತ ತಿರುಗಿ ನೋಡಿ, ಕೆಳಗೆ ಬಂದು ಬರೆದಳು.

"ಅಣ್ಣಾ, ಭುಜ ಸಡಿಲ, ಜಾರುತ್ತದೆ. ತೋಳು ಬಿಗಿ. ಮಗುವಿಗೆ ಕೆಂಪು ಇಷ್ಟವಿಲ್ಲವಂತೆ, ಮುಖ ಗಂಟು ಹಾಕಿಕೊಂಡು ಕೂತಿದೆ. ಚಿತ್ರ ಬಿಡಿಸು ಅಂದರೆ ಬಿಡಿಸಲಿಲ್ಲ. ಆದ್ದರಿಂದ ಕಳಿಸುತ್ತಿಲ್ಲ."

ಅವತ್ತೇ ಅಂಚೆಗೆ ಹಾಕಿದಳು. ವಾರಕ್ಕೆ ಉತ್ತರ ಬಂತು, ಒಂದು ಕಾರ್ಡು.

"ತಂಗೀ, ಏಳು ವರ್ಷದ ಮೇಲೆ ನಿಮ್ಮ ಎರಡನೇ ಕಾಗದ ತಲುಪಿತು. ಮೊದಲನೇದು ಅವತ್ತು ಆ ಕೋಳಿ ಮಗುವಿನ ದಾರ ಇಟ್ಟು ಕಳಿಸಿದ್ದು. ಫ್ರಾಕು ವಾಪಸ್ ಕಳಿಸಿ, ಭುಜ ಸರಿ ಮಾಡಿ ಕೊಡ್ತೀನಿ. ಯಾವ ಬಣ್ಣ ಬೇಕು ಅಂತ ಆ ಮಗುನ ಕೇಳಿ ಬರೀರಿ."